ಅತಿಮಾನವರ ಸಂಸಾರ: ನೋಡಿದವರು ಕಂಡದ್ದು

(ಸಾರಕ್ಕಿಯ ನಿವಾಸಿಗಳು ತಿಂಗಳಿಗೊಮ್ಮೆ ಸೇರುವ ಸಂಜೆಯ ಕೂಟದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಈ ಸಂಜೆಗೆ ನನ್ನನ್ನು ಕರೆದ ಕಾರ್ಯದರ್ಶಿಗಳು "ಸಂಸ್ಕೃತಿಗೆ ಸಂಬಂಧಪಟ್ಟದ್ದು ಏನಾದರೂ ಮಾತಾಡಿ" ಎಂದರು. ಮಕ್ಕಳ ಕಾರ್ಟೂನ್ ಚಿತ್ರವೊಂದನ್ನು ನೋಡಿದವರು ಏನೆನ್ನುತ್ತಾರೆ ಎಂಬುದರ ಬಗ್ಗೆ ಮಾತಾಡುತ್ತೇನೆ ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಹೋದ ತಿಂಗಳು ಇದೇ ಜಾಗದಲ್ಲಿ ಕುಮಾರವ್ಯಾಸನ ಕರ್ಣನ ಮೇಲೆ ಉಪನ್ಯಾಸ ನಡೆದಿತ್ತಂತೆ. ಕರ್ಣನಾದ ಮೇಲೆ ಕಾರ್ಟೂನೇ ಎಂದು ಅವರಿಗೆ ಅನ್ನಿಸಿದ್ದರೆ ತಪ್ಪಲ್ಲ. ಆದರೂ ಒಪ್ಪಿದರು. ಅವರಿಗೆ ಮೊದಲ ವಂದನೆ.

ಚಿತ್ರದ ಹೆಸರು 'ಇನ್‌ಕ್ರೆಡಿಬಲ್ಸ್ 2'. ಬಂದದ್ದು 2018ರಲ್ಲಿ. ಇಷ್ಟು ಹಳೆಯ ಚಿತ್ರದ ಮಾತು ಈಗೇಕೆ ಎಂದು ಕೇಳಬಹುದು. ಇದರ ಮೂರನೆಯ ಭಾಗ ಬರಲಿದೆಯೆಂದು ಡಿಸ್ನಿ ಸಂಸ್ಥೆ 2024ರ ಆಗಸ್ಟಿನಲ್ಲಿ ಪ್ರಕಟಿಸಿತು. ಅಂದಿನಿಂದ ನಮ್ಮ ಮನೆಯಲ್ಲಿ ಎರಡನೆಯ ಭಾಗದ ಮಾತು ಮತ್ತೆ ಎದ್ದಿದೆ. ಆ ಮಾತನ್ನು ಬೀದಿಗೂ ತಂದು, ಕಳೆದ ಎರಡು ವಾರ ಕೆರೆಯ ಸುತ್ತ ನಡೆಯುವವರನ್ನು, ಮಾರುಕಟ್ಟೆಯ ಬಳಿ ಸೊಪ್ಪು ಕೊಳ್ಳಲು ನಿಂತವರನ್ನು, ರವಿಕೆ ಹೊಲಿಯುವವರನ್ನು, ಟ್ಯೂಷನ್ ಬಿಡುವ ಹೊತ್ತಿಗೆ ಗೇಟಿನಲ್ಲಿ ಕಾಯುವ ಅಪ್ಪ ಅಮ್ಮಂದಿರನ್ನು ಕೇಳಿದೆ. ವರದಿಗಾರನ ದುರಭ್ಯಾಸ, ಕ್ಷಮಿಸಿ.

ನೋಡದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಒಂದು ಊರು. ಅಲ್ಲಿ ಅತಿಮಾನವ ಶಕ್ತಿ ಇದ್ದವರು ಜನರನ್ನು ಕಾಪಾಡುವ ಕೆಲಸ ಮಾಡುವುದನ್ನು ಸರ್ಕಾರ ನಿಷೇಧಿಸಿದೆ. ಅಂಥವರದೇ ಒಂದು ಸಂಸಾರ ಹೆಸರು ಮರೆಸಿಕೊಂಡು ಸಾಮಾನ್ಯರಂತೆ ಬದುಕುತ್ತಿದೆ. ಅಪ್ಪ ಬಾಬ್‌ಗೆ ಆನೆಬಲ. ಅಮ್ಮ ಹೆಲೆನ್ ರಬ್ಬರಿನಂತೆ ಎಷ್ಟು ಬೇಕಾದರೂ ಉದ್ದವಾಗಬಲ್ಲಳು. ಅವಳ ಇನ್ನೊಂದು ಹೆಸರು ಎಲಾಸ್ಟಿಗರ್ಲ್. ಹರೆಯದ ಮಗಳು ವಯೊಲೆಟ್ ಮಾಯವಾಗಬಲ್ಲಳು. ಮಗ ಡ್ಯಾಶ್ ಗಾಳಿಯಂತೆ ಓಡುತ್ತಾನೆ. ಕೈಗೂಸು ಜ್ಯಾಕ್‌ಜ್ಯಾಕ್‌ಗೆ ಏನೇನು ಶಕ್ತಿ ಇದೆಯೆಂದು ಮನೆಯವರಿಗೇ ಗೊತ್ತಿಲ್ಲ. ಈ ಹಂಚಿಕೆಯನ್ನು ನಿರ್ದೇಶಕ ಬ್ರ್ಯಾಡ್ ಬರ್ಡ್ ಸುಮ್ಮನೆ ಮಾಡಿದ್ದಲ್ಲ. ಅಪ್ಪನೆಂದರೆ ಬಲ, ಅಮ್ಮನೆಂದರೆ ಹತ್ತು ಕಡೆ ಎಳೆಸಿಕೊಳ್ಳುವವಳು, ಹರೆಯದ ಹುಡುಗಿಗೆ ಯಾರ ಕಣ್ಣಿಗೂ ಬೀಳಬಾರದೆಂಬ ಆಸೆ, ಗಂಡುಹುಡುಗನಿಗೆ ಕಾಲು ನಿಲ್ಲದು, ಮಗು ಇನ್ನೂ ಬಿಡಿಸದ ಗಂಟು. ಮನೆಯಲ್ಲಿ ಯಾರಿಗೆ ಯಾವ ಜಾಗವೋ ಅದನ್ನೇ ಶಕ್ತಿಯಾಗಿ ಬರೆದಿದ್ದಾನೆ.

ಮೊದಲ ಭಾಗ ಅಮೆರಿಕದಲ್ಲಿ ತೆರೆಕಂಡದ್ದು 2004ರ ನವೆಂಬರ್ 5ರಂದು. ನಮ್ಮ ನೆರೆಯ ಜೆ.ಪಿ. ನಗರದಲ್ಲಿ ರಂಗಶಂಕರದ ಬಾಗಿಲು ತೆರೆದದ್ದು ಅದಕ್ಕೊಂದು ವಾರ ಮುಂಚೆ, ಅಕ್ಟೋಬರ್ 28ರಂದು. ಎರಡಕ್ಕೂ ಸಂಬಂಧವೇನೂ ಇಲ್ಲ; ಕಾಲದ ಗುರುತಿಗೆ ಹೇಳಿದೆ, ಅಷ್ಟೆ. ಎರಡನೆಯ ಭಾಗ ಬರಲು ಹದಿನಾಲ್ಕು ವರ್ಷ ಹಿಡಿಯಿತು. ಆದರೆ ಕಥೆ ಮುಂದುವರಿಯುವುದು ಮೊದಲನೆಯದು ನಿಂತ ನಿಮಿಷದಿಂದಲೇ. ಮಗು ಇನ್ನೂ ಮಗುವೇ. ಮೊದಲನೆಯದನ್ನು ಎಂಟನೆಯ ವಯಸ್ಸಿನಲ್ಲಿ ನೋಡಿದವರಿಗೆ ಎರಡನೆಯದರ ಹೊತ್ತಿಗೆ ಇಪ್ಪತ್ತೆರಡು. ಆ ತಲೆಮಾರು ಮಕ್ಕಳನ್ನು ತಳ್ಳಿಕೊಂಡು ಮುಂದಿನ ಸಾಲಿಗೆ ಹೋಯಿತು. ಚಿತ್ರ ಜಗತ್ತಿನಾದ್ಯಂತ 124 ಕೋಟಿ ಡಾಲರಿನಷ್ಟು ಗಳಿಸಿತು.

ಈ ಭಾಗದಲ್ಲಿ ಆಗುವುದಿಷ್ಟು. ಅತಿಮಾನವರ ಮೇಲಿನ ನಿಷೇಧ ತೆಗೆಸಬೇಕೆಂದು ಹೊರಟ ಶ್ರೀಮಂತ ಅಣ್ಣ-ತಂಗಿ ಇಬ್ಬರು ಈ ಸಂಸಾರದ ಬಳಿ ಬರುತ್ತಾರೆ. ಕೆಲಸಕ್ಕೆ ಕರೆಯುವುದು ಅಪ್ಪನನ್ನಲ್ಲ, ಅಮ್ಮನನ್ನು. ಅವಳು ಊರು ಕಾಯಲು ಹೋಗುತ್ತಾಳೆ. ಅಪ್ಪ ಮನೆ ನೋಡಿಕೊಳ್ಳುತ್ತಾನೆ. ಟಿ.ವಿ. ಪರದೆಯ ಮೂಲಕ ಜನರನ್ನು ಮಂಕು ಮಾಡುವ ಖಳನೊಬ್ಬ ಎದುರಾಗುತ್ತಾನೆ.

ಇನ್ನು ನಮ್ಮ ಮನೆಗೆ ಬರೋಣ. ಆಗ ನಾನು ಪದವಿ ಓದುತ್ತಿದ್ದೆ, ಸಾರಕ್ಕಿಯ ಸೋದರಮಾವನ ಮನೆಯಲ್ಲಿದ್ದೆ. ಇಂದಿಗೂ ಅಲ್ಲೇ ಇದ್ದೇನೆ. ಮಾವ, ಅತ್ತೆ, ಅಜ್ಜಿ, ಮಾವನ ಮಗಳು. ಹುಡುಗಿಗೆ ಆಗ ಏಳು ವರ್ಷ. ಜೂನ್ ಕೊನೆಯ ಭಾನುವಾರ ಐದೂ ಜನ ಜಯನಗರದ ಕಡೆಯ ಮಾಲ್ ಒಂದಕ್ಕೆ ಹೋದೆವು. ಅಜ್ಜಿ ಮೊದಲು ಬರುವುದಿಲ್ಲ ಎಂದರು. ಇಂಗ್ಲಿಷ್ ಚಿತ್ರ, ನನಗೇನು ತಿಳಿಯುತ್ತದೆ ಎಂದರು. "ನಾನು ಹೇಳ್ತೀನಿ ಬಾ ಅಜ್ಜಿ" ಎಂದು ಹುಡುಗಿ ಕೈ ಹಿಡಿದು ಹೊರಡಿಸಿತು.

ಮುಗಿಸಿಕೊಂಡು ಬಂದು ರಾತ್ರಿ ಚಿತ್ರಾನ್ನದ ತಟ್ಟೆಯ ಮುಂದೆ ಕೂತಾಗ ನನಗೊಂದು ಸಂಗತಿ ಹೊಳೆಯಿತು. ಐವರು ನೋಡಿದ್ದು ಐದು ಚಿತ್ರ.

ಮಾವನಿಗೆ ಹಿಡಿಸಿದ್ದು ಲೆಕ್ಕದ ಪ್ರಸಂಗ. ಮಗನಿಗೆ ಗಣಿತ ಹೇಳಿಕೊಡಲು ಕೂತ ಬಾಬ್‌ಗೆ ಪುಸ್ತಕದ ವಿಧಾನವೇ ಅರ್ಥವಾಗುವುದಿಲ್ಲ. ತಾನು ಕಲಿತ ಲೆಕ್ಕವೇ ಬೇರೆ. ಅವನು ರಾತ್ರಿಯೆಲ್ಲ ಕೂತು ತಾನೇ ಕಲಿತು, ಬೆಳಗ್ಗೆ ಮಗನನ್ನು ಎಬ್ಬಿಸಿ ಹೇಳಿಕೊಡುತ್ತಾನೆ. ನಮ್ಮ ಮಾವ ಬ್ಯಾಂಕಿನವರು, ದಿನವಿಡೀ ಅಂಕಿಗಳ ನಡುವೆ ಇರುವವರು. ಮಗಳ ಎರಡನೆಯ ತರಗತಿಯ ಸಂಕಲನವನ್ನು ಅವರು ಮಾಡಿದ ರೀತಿಯಲ್ಲಿ ಮಾಡಬಾರದೆಂದು ಶಾಲೆಯಿಂದ ಚೀಟಿ ಬಂದಿತ್ತು. ಕತ್ತಲಲ್ಲಿ ಅವರೊಬ್ಬರೇ ಜೋರಾಗಿ ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ.

ಅತ್ತೆ ನಕ್ಕದ್ದು ಬೇರೆ ಕಡೆ. ಹೆಲೆನ್ ಪ್ರಾಣವನ್ನೇ ಪಣವಾಗಿಟ್ಟು ದುಡಿಯುತ್ತಿರುವಾಗ ಮನೆಯಿಂದ ಮಗನ ಫೋನು ಬರುತ್ತದೆ: ನನ್ನ ಶೂ ಎಲ್ಲಿ? ಮಂಚದ ಕೆಳಗೆ ನೋಡು ಎಂದು ಆಕೆ ಅಲ್ಲಿಂದಲೇ ಹೇಳುತ್ತಾಳೆ. ಅತ್ತೆಯೂ ಆಗ ಕೆಲಸಕ್ಕೆ ಹೋಗುತ್ತಿದ್ದರು. "ಅವಳಿಗೆ ಅದೊಂದೇ ಫೋನು, ಪುಣ್ಯವಂತೆ" ಎಂದರು.

ಈಚೆಗೆ ಕೇಳಿದವರಲ್ಲಿ ಗಂಡಸರೂ ಹೆಂಗಸರೂ ಬೇರೆಯಾಗುವುದು ಈ ಭಾಗದಲ್ಲೇ. ಅಪ್ಪ ಮಗುವಿನ ಹಿಂದೆ ಓಡಿ ಸುಸ್ತಾಗುವುದು, ಅಡುಗೆಮನೆಯಲ್ಲಿ ಕಂಗಾಲಾಗುವುದು ಗಂಡಸರಿಗೆ ತಮಾಷೆ. ಹೆಂಗಸರಲ್ಲಿ ಹಲವರಿಗೆ ಅದು ಹಳಸಿದ ತಮಾಷೆ. ಗಂಡಸಿಗೆ ಮನೆಗೆಲಸ ಬಾರದೆಂಬುದನ್ನೇ ಇನ್ನೂ ಎಷ್ಟು ವರ್ಷ ನಗುತ್ತ ನೋಡುವುದು ಎಂದು ಶಾಲಾ ಶಿಕ್ಷಕಿಯೊಬ್ಬರು ಕೇಳಿದರು. ಎರಡೂ ಸರಿ ಎನ್ನಿಸುತ್ತದೆ. ಆದರೆ ಕೊನೆಗೆ ಬಾಬ್ ಆ ಕೆಲಸ ಕಲಿಯುತ್ತಾನೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಲ್ಲರಿಗಿಂತ ಚುರುಕಾದ ಮಾತು ಬಂದದ್ದು ಮೊದಲು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿದು, ಈಗ ಮನೆಯಲ್ಲೇ ಹೊಲಿಗೆ ಇಟ್ಟುಕೊಂಡಿರುವ ಒಬ್ಬ ತಾಯಿಯಿಂದ. ಮಗನ ಜೊತೆ ಕೂತು ನೋಡಿದ್ದಾರೆ. ಚಿತ್ರದಲ್ಲಿ ಬಾಬ್‌ನನ್ನು ಬಿಟ್ಟು ಹೆಲೆನ್‌ಳನ್ನೇ ಏಕೆ ಆರಿಸುತ್ತಾರೆ ನೆನಪಿದೆಯೇ? ಅವನು ಹೊಡೆದಾಡಿದರೆ ಊರಿಗೆ ಆಗುವ ನಷ್ಟ ಜಾಸ್ತಿ, ಅವಳದು ಕಡಿಮೆ. ಕಂಪನಿಯವರು ಲೆಕ್ಕ ಹಾಕಿ ನೋಡಿದ್ದಾರೆ. ಆ ತಾಯಿ ಇದನ್ನು ಹಿಡಿದರು. "ಹೆಂಗಸು ಜಾಣೆ ಅಂತ ತಗೊಳ್ಳಲಿಲ್ಲ ಸಾರ್, ಖರ್ಚು ಕಮ್ಮಿ ಅಂತ ತಗೊಂಡ್ರು. ನಮ್ಮನ್ನೂ ಹಂಗೇ ಅಲ್ವಾ ತಗೊಂಡಿದ್ದು." ಬೆಂಗಳೂರಿನ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರೇ. ಭವಿಷ್ಯನಿಧಿಯ ನಿಯಮ ಬದಲಾದಾಗ 2016ರ ಏಪ್ರಿಲಿನಲ್ಲಿ ಅವರು ಬೀದಿಗಿಳಿದದ್ದನ್ನು ನೀವು ಮರೆತಿರಲಾರಿರಿ. ಈ ಚಿತ್ರದ ವಿಮರ್ಶೆಗಳನ್ನು ನಾನು ಸಾಕಷ್ಟು ಓದಿದ್ದೇನೆ. ಈ ಮಾತು ನನಗೆ ಎಲ್ಲೂ ಸಿಕ್ಕಿರಲಿಲ್ಲ.

ಇನ್ನು ಅಜ್ಜಿ.

ಹುಡುಗಿ ಮಾತು ಕೊಟ್ಟಂತೆ ಮೊದಲರ್ಧ ಕಿವಿಯಲ್ಲಿ ಹೇಳುತ್ತಲೇ ಇತ್ತು. ಆದರೆ ಏಳು ವರ್ಷದ ಅನುವಾದಕಿಯ ಕಷ್ಟ ನೋಡಿ. ಹೊಡೆದಾಟ ನಡೆಯುವಾಗ ಹೇಳಬೇಕಾದ್ದಿಲ್ಲ. ಜನ ಕೂತು ಮಾತಾಡುವಾಗ ಹೇಳಬೇಕು, ಆಗ ಅವಳಿಗೇ ಬೇಸರ. ಊಟದ ಮೇಜಿನ ಸುತ್ತ ಇಡೀ ಸಂಸಾರ ಒಂದು ಗಂಭೀರ ಚರ್ಚೆ ಮಾಡುತ್ತದೆ: ಕಾನೂನು ತಪ್ಪೆಂದು ಅನ್ನಿಸಿದರೆ ಅದನ್ನು ಮೀರಬಹುದೇ, ಅಥವಾ ಬದಲಾಗುವವರೆಗೆ ಪಾಲಿಸಬೇಕೇ? ನನ್ನ ಮಟ್ಟಿಗೆ ಚಿತ್ರದ ತಿರುಳೇ ಅದು. ಅದು ಅಜ್ಜಿಯ ಕಿವಿ ತಲುಪಿದ್ದು ಹೀಗೆ: "ಜಗಳ ಆಡ್ತಿದಾರೆ ಅಜ್ಜಿ." ಉದ್ಯಮಿಯ ತಂಗಿ ಎವೆಲಿನ್ ಹೆಲೆನ್‌ಳ ಜೊತೆ ಆಡುವ ದೀರ್ಘ ಸಂವಾದ ತಲುಪಿದ್ದು ಇನ್ನೂ ಚಿಕ್ಕದಾಗಿ: "ಫ್ರೆಂಡ್ಸ್ ಆದ್ರು." ಆಗ ಅಜ್ಜಿ, "ಅವಳನ್ನ ನಂಬಬಾರದು, ಅವಳೇ ಮಾಡಿಸ್ತಿರೋದು" ಎಂದರು. ಮುಂದೆ ಆದದ್ದೂ ಹಾಗೆಯೇ. ಖಳನಾರೆಂದು ಮೊದಲೇ ತಿಳಿದುಬಿಡುತ್ತದೆ ಎಂಬುದು ಈ ಚಿತ್ರದ ಮೇಲೆ ಹಲವು ದೇಶಗಳ ಪ್ರೇಕ್ಷಕರು ಹೊರಿಸಿದ ದೂರು. ಒಂದು ಮಾತೂ ಅರ್ಥವಾಗದ ನಮ್ಮಜ್ಜಿ ಬರೀ ಕಣ್ಣು ನೋಡಿ ಅದನ್ನು ಹೇಳಿಬಿಟ್ಟರು. ಧಾರಾವಾಹಿ ನೋಡಿದ ಅನುಭವವೂ ಇರಬಹುದು.

ಅವರು ಮನಸಾರೆ ನಕ್ಕದ್ದು ಒಂದೇ ಕಡೆ. ಅಪ್ಪ ಟಿ.ವಿ. ಮುಂದೆ ನಿದ್ದೆಹೋದಾಗ ಜ್ಯಾಕ್‌ಜ್ಯಾಕ್ ಹಿತ್ತಲಿಗೆ ಹೋಗಿ, ಕಸದ ಡಬ್ಬಿಗೆ ಬಾಯಿ ಹಾಕಿದ ರಕೂನ್ ಎಂಬ ಪ್ರಾಣಿಯ ಜೊತೆ ಜಗಳಕ್ಕೆ ಬೀಳುತ್ತದೆ. ಗೋಡೆಯ ಒಳಗಿಂದ ತೂರುತ್ತದೆ, ಕಣ್ಣಿನಿಂದ ಕಿರಣ ಬಿಡುತ್ತದೆ, ಬೆಂಕಿಯ ಉಂಡೆಯಾಗುತ್ತದೆ, ಒಂದಿದ್ದದ್ದು ಹಲವಾಗುತ್ತದೆ. ಇಡೀ ದೃಶ್ಯದಲ್ಲಿ ಹೇಳಿಕೊಳ್ಳುವಂಥ ಮಾತಿಲ್ಲ. ಅಜ್ಜಿ ಆ ಪ್ರಾಣಿಗೆ ಪುನುಗುಬೆಕ್ಕು ಎಂದು ಹೆಸರಿಟ್ಟು, ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೊಮ್ಮಗಳು ಅಜ್ಜಿಯನ್ನು ನೋಡಿ ನಕ್ಕಿತು. "ಕೃಷ್ಣನ ಆಟದ ಹಾಗೇ ಮಾಡಿದಾರೆ" ಎಂದು ಅಜ್ಜಿ ಮನೆಗೆ ಬಂದ ಮೇಲೂ ಹೇಳುತ್ತಿದ್ದರು. ಒಂದು ಗಂಟೆ ಐವತ್ತೆಂಟು ನಿಮಿಷದ ಚಿತ್ರದಲ್ಲಿ ಅವರಿಗೆ ದಕ್ಕಿದ್ದು ಆ ಕೆಲವು ನಿಮಿಷ.

ಆ ರಾತ್ರಿ ಊಟಕ್ಕೆ ಕೂತಾಗ ಮಾವ, ಅತ್ತೆ, ನಾನು ವಾದ ಮಾಡಿದೆವು. ಹುಡುಗಿಯೂ ಬಾಯಿ ಹಾಕಿತು. ಅಜ್ಜಿ ಬಡಿಸಿದರು.

ಪರದೆಯ ಖಳನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಅವನು ಜನರನ್ನು ಮಂಕು ಮಾಡುವುದು ಬಿಳಿ-ಕಪ್ಪು ಬೆಳಕನ್ನು ಪಟಪಟನೆ ಮಿನುಗಿಸಿ. ಕೆಲವು ಮೂರ್ಛೆರೋಗಿಗಳಿಗೆ ಇಂಥ ಮಿನುಗು ಬೆಳಕಿನಿಂದಲೇ ಸೆಳೆತ ಬರುವ ಅಪಾಯವಿದೆ. ಅಮೆರಿಕದಲ್ಲಿ ಮೂರ್ಛೆರೋಗಿಗಳ ಸಂಘಟನೆ ಒತ್ತಾಯಿಸಿದ ಮೇಲೆ ಚಿತ್ರಮಂದಿರಗಳಲ್ಲಿ ಎಚ್ಚರಿಕೆಯ ಫಲಕ ಹಾಕಿದರು. ಬ್ರಿಟನ್ನಿನಲ್ಲಿ ಆ ದೃಶ್ಯಗಳನ್ನೇ ತಿದ್ದಿ ತೋರಿಸಿದರು. ಮೂರನೆಯದು ಬಂದಾಗ ಮನೆಯಲ್ಲಿ ಆ ತೊಂದರೆ ಇರುವವರು ಮುಂಚೆಯೇ ವಿಚಾರಿಸಿಕೊಳ್ಳಿ.

ಅಜ್ಜಿ ಏಕೆ ಬಡಿಸುತ್ತ ಉಳಿದರು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇದೇ ಸಂಸಾರದ ಮೊದಲ ಭಾಗ 'ಹಮ್ ಹೈಂ ಲಾಜವಾಬ್' ಎಂಬ ಹೆಸರಿನಲ್ಲಿ ಹಿಂದಿಗೆ ಬಂದಾಗ ಅಪ್ಪನಿಗೆ ಶಾರೂಖ್ ಖಾನ್ ದನಿ ಕೊಟ್ಟರು, ಓಡುವ ಹುಡುಗನಿಗೆ ಅವರ ಮಗ ಆರ್ಯನ್. ಎರಡನೆಯ ಭಾಗದಲ್ಲಿ ಅಮ್ಮನಿಗೆ ಕಾಜೋಲ್ ದನಿ. ಕನ್ನಡಕ್ಕೆ? ಎರಡೂ ಬರಲಿಲ್ಲ. ಇದಕ್ಕೆ ಹಾಲಿವುಡ್ಡನ್ನು ಬೈದು ಕೂರುವಂತಿಲ್ಲ. ಬಾಗಿಲು ಹಾಕಿಕೊಂಡವರು ನಾವೇ.

ಏಕೆ ಹಾಕಿಕೊಂಡೆವು ಎಂಬುದನ್ನು ಈಗಿನವರು ಅರಿಯಬೇಕು. 1960ರ ದಶಕದ ಮೊದಲ ಭಾಗದಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದದ್ದು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ. ಬೆಂಗಳೂರಿನ ಚಿತ್ರಮಂದಿರಗಳಲ್ಲಿ ತಮಿಳು, ತೆಲುಗು, ಹಿಂದಿ ಚಿತ್ರಗಳ ಮೆರೆದಾಟ. ಕಲಾವಿದರು, ತಂತ್ರಜ್ಞರು ಕೈಬೆರಳೆಣಿಕೆಯಷ್ಟು. ಬೇರೆ ಭಾಷೆಯ ಚಿತ್ರಕ್ಕೆ ಕನ್ನಡದ ಮಾತು ಅಂಟಿಸಿ ಬಿಟ್ಟರೆ ಮೂಲ ಕನ್ನಡ ಚಿತ್ರಕ್ಕೆ ಹಣ ಹಾಕುವವರು ಯಾರು? ಅನಕೃ, ಮ. ರಾಮಮೂರ್ತಿ ಮುಂತಾದವರು ಚಳವಳಿ ಹೂಡಿದರು, ರಾಜ್‌ಕುಮಾರ್ ಜೊತೆಗೂಡಿದರು. ಡಬ್ಬಿಂಗ್ ನಿಂತಿತು. ಕಾನೂನಿನ ಮೂಲಕ ಅಲ್ಲ, ಕಟ್ಟುಪಾಡಿನ ಮೂಲಕ. ಆ ನೆರಳಲ್ಲಿ ಕನ್ನಡ ಚಿತ್ರರಂಗ ಬೇರುಬಿಟ್ಟಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಕಟ್ಟುಪಾಡು ಕಾಲ ಕಳೆದರೂ ಸಡಿಲಲಿಲ್ಲ. 2012ರಲ್ಲಿ ಆಮೀರ್ ಖಾನರ 'ಸತ್ಯಮೇವ ಜಯತೆ' ಕಾರ್ಯಕ್ರಮ ದಕ್ಷಿಣದ ಬೇರೆ ಭಾಷೆಗಳಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2015ರ ಜುಲೈನಲ್ಲಿ ಆಯೋಗ, ಹೀಗೆ ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ವಿಧಿಸಿತು. 2017ರ ಮಾರ್ಚಿನಲ್ಲಿ ತಮಿಳಿನಿಂದ ಬಂದ 'ಸತ್ಯದೇವ್ ಐಪಿಎಸ್' ತೆರೆಕಂಡಾಗ ಪ್ರತಿಭಟನೆ ನಡೆಯಿತು. ಅದರ ಮರುವರ್ಷವೇ ನಾವು ಅಜ್ಜಿಯನ್ನು ಮಾಲ್‌ಗೆ ಕರೆದೊಯ್ದದ್ದು. ಬಾಗಿಲ ಚಿಲಕ ತೆಗೆದಿತ್ತು, ಬಾಗಿಲು ತೆರೆದಿರಲಿಲ್ಲ.

ನನ್ನ ಅಭಿಪ್ರಾಯ ಹೇಳಬೇಕೆಂದರೆ, ಮಕ್ಕಳ ಕಾರ್ಟೂನ್ ಚಿತ್ರಗಳನ್ನು ಈ ಕಟ್ಟುಪಾಡಿನಿಂದ ಬಹಳ ಹಿಂದೆಯೇ ಹೊರಗಿಡಬೇಕಿತ್ತು. ನಟನೆಯ ಚಿತ್ರಗಳಲ್ಲಿ ಕಾಯಬೇಕಾದ ಕನ್ನಡ ಕಲಾವಿದರಿದ್ದರು. ದೊಡ್ಡ ಕಾರ್ಟೂನ್ ಚಿತ್ರಗಳನ್ನು ಕನ್ನಡದಲ್ಲಿ ತಯಾರಿಸುವವರೇ ಇರಲಿಲ್ಲ. ಗಿಡವಿಲ್ಲದ ತೋಟಕ್ಕೆ ಬೇಲಿ ಕಟ್ಟಿ ಕಾದಂತಾಯಿತು. 2009ರಲ್ಲಿ ಚಿಂಟು ಟಿ.ವಿ. ಬಂದು ಕಾರ್ಟೂನುಗಳು ಕನ್ನಡ ಮಾತಾಡಿದಾಗ ಮಕ್ಕಳು ಮುಗಿಬಿದ್ದು ನೋಡಿದರು. ಅದಕ್ಕೆ ಮುಂಚಿನ ಮಕ್ಕಳು, ಅಂದರೆ ನನ್ನ ಓರಗೆಯವರು, ಹಿಂದಿ ಕಲಿತದ್ದೇ ಕಾರ್ಟೂನಿನಿಂದ. ವಿಚಿತ್ರವೆಂದರೆ ಇಂಥ ಚಿತ್ರಗಳಿಗೆ ದುಡಿಯುವ ಕೈಗಳು ನಮ್ಮ ಊರಿನಲ್ಲೇ ಇದ್ದವು. ಟೆಕ್ನಿಕಲರ್ ಸಂಸ್ಥೆಯ ಬೆಂಗಳೂರು ಸ್ಟುಡಿಯೋದಲ್ಲಿ ಡ್ರೀಮ್‌ವರ್ಕ್ಸ್ ಕಂಪನಿಗೆಂದೇ ಒಂದು ತಂಡವಿತ್ತು. 2011ರ 'ಪುಸ್ ಇನ್ ಬೂಟ್ಸ್' ಚಿತ್ರದ ಕೆಲಸದಲ್ಲಿ ಆ ತಂಡದ ಪಾಲಿದೆ. 2025ರ ಫೆಬ್ರುವರಿಯಲ್ಲಿ ಆ ಸ್ಟುಡಿಯೋ ಮುಚ್ಚಿತು. ಅನಿಮೇಷನ್ ಉದ್ಯಮಕ್ಕೆಂದು ನಮ್ಮ ರಾಜ್ಯ ಸರ್ಕಾರ 2012ರಲ್ಲೇ ನೀತಿ ರೂಪಿಸಿತ್ತು. ಬೆಕ್ಕಿನ ರೋಮ ಅಲುಗಿಸಿದವರು ನಮ್ಮ ನೆರೆಯವರು. ಬೆಕ್ಕು ಆಡಿದ ಮಾತು ಮಾತ್ರ ಅವರ ತಾಯಂದಿರಿಗೆ ತಿಳಿಯದು.

ಈ ಮಾತನ್ನು ಕೆರೆಯ ದಂಡೆಯಲ್ಲಿ ದಿನಾ ಸಿಗುವ ನಿವೃತ್ತ ಮೇಷ್ಟ್ರ ಮುಂದೆ ಆಡಿದೆ. ಅವರು ಡಬ್ಬಿಂಗ್ ವಿರೋಧಿಸಿ ಮೆರವಣಿಗೆ ಹೋದವರು. ನಿಂತುಬಿಟ್ಟರು. "ಗಿಡ ಇರಲಿಲ್ಲ ಅಂತೀಯ. ನೆಟ್ಟವರು ಯಾರಪ್ಪಾ? ಹೊರಗಿನ ಹಣ್ಣು ಬುಟ್ಟಿಗಟ್ಟಲೆ ಬಂದು ಬಿದ್ದರೆ ಇನ್ನು ನೆಡೋರು ಇದ್ದಾರೆಯೇ?" ಎಂದರು. ನಂತರ ಅವರು ತೆಗೆದ ಉದಾಹರಣೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದೇ 2018ರ ಆಗಸ್ಟಿನಲ್ಲಿ, ಇನ್‌ಕ್ರೆಡಿಬಲ್ಸ್ ಬಂದ ಎರಡೇ ತಿಂಗಳಿಗೆ, ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು' ಬಂತು. ಗಡಿಯಾಚೆಯ ಕನ್ನಡ ಶಾಲೆಯನ್ನು ಉಳಿಸಿಕೊಳ್ಳಲು ಹೊರಟ ಮಕ್ಕಳ ಕಥೆ. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ನಾಗಾಭರಣರ 'ಚಿನ್ನಾರಿ ಮುತ್ತ' 1993ರಲ್ಲಿ ಬಂದಾಗಲೂ ಮನೆಮಂದಿಯೆಲ್ಲ ಒಟ್ಟಿಗೆ ಹೋಗಿ ನೋಡಿದ್ದನ್ನು ಮೇಷ್ಟ್ರು ನೆನಪಿಸಿದರು. ಅವರ ವಾದ ಇಷ್ಟು: ಅಜ್ಜಿಗೂ ಮೊಮ್ಮಗಳಿಗೂ ಒಟ್ಟಿಗೆ ತಿಳಿಯುವ ಚಿತ್ರ ಬೇಕಾದರೆ ಅದನ್ನು ಇಲ್ಲೇ ಮಾಡಿ. ನಾನೂ ಒಪ್ಪುತ್ತೇನೆ. ಆದರೆ ಅಂಥ ಚಿತ್ರ ಹತ್ತು ವರ್ಷಕ್ಕೆ ಒಂದೋ ಎರಡೋ ಬರುತ್ತವೆ, ಹುಡುಗಿ ಪ್ರತಿ ವಾರ ಏನನ್ನಾದರೂ ನೋಡುತ್ತಾಳೆ. ಅದನ್ನು ಹೇಳಿದಾಗ ಅವರು ಮತ್ತೆ ನಡೆಯತೊಡಗಿದರು. ಆ ವಾದ ಅಲ್ಲಿಗೇ ನಿಂತಿದೆ.

ಡಬ್ಬಿಂಗ್ ಬಂದರೆ ಎಲ್ಲ ಸರಿಹೋಗುತ್ತದೆಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಇನ್‌ಕ್ರೆಡಿಬಲ್ಸ್ 2ಕ್ಕೆ ಆಸ್ಕರ್ ತಪ್ಪಿಸಿದ್ದು ಒಂದು ಜೇಡಮಾನವನ ಕಾರ್ಟೂನ್ ಚಿತ್ರ. ಅದರ ಮುಂದಿನ ಭಾಗ 'ಅಕ್ರಾಸ್ ದ ಸ್ಪೈಡರ್‌ವರ್ಸ್' 2023ರ ಜೂನ್ 1ರಂದು ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂತು, ಕನ್ನಡವೂ ಅದರಲ್ಲಿತ್ತು. ಅದೂ ಅತಿಮಾನವರ ಕಥೆಯೇ, ಒಳಗೆ ತುಂಬಿರುವುದು ಅಪ್ಪ ಅಮ್ಮಂದಿರ ಜೊತೆಗಿನ ಮುಚ್ಚುಮರೆಯೇ. ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಜೇಡಮಾನವನೂ ಇದ್ದಾನೆ. 'ಚಾಯ್ ಟೀ' ಎನ್ನಬೇಡ, ಚಾಯ್ ಎಂದರೇ ಟೀ ಎಂದು ಅವನು ಅಮೆರಿಕದ ಗೆಳೆಯನ ಮೇಲೆ ರೇಗುತ್ತಾನೆ. ಗೇಟುಬಾಗಿಲು, ನಡುಮಧ್ಯ ಎಂದು ದ್ವಿರುಕ್ತಿಯಲ್ಲೇ ಬದುಕುವ ನಾವು ಅವನ ಮುಂದೆ ತಲೆ ತಗ್ಗಿಸಬೇಕು.

ಕನ್ನಡದ ಆಟ ಎಲ್ಲಿದೆಯೆಂದು ಹುಡುಕಿ ಒಂದು ಭಾನುವಾರ ಮನೆಮಂದಿಯೆಲ್ಲ ಹೊರಟೆವು. ನಾನಂತೂ ದೊಡ್ಡ ಉಪಕಾರ ಮಾಡಿದವನಂತೆ ಬೀಗುತ್ತಿದ್ದೆ. ಫಲಿತಾಂಶ ಕೇಳಿ. ಅಜ್ಜಿಗೆ ಮಾತು ತಿಳಿಯಿತು, ಚಿತ್ರ ತಿಳಿಯಲಿಲ್ಲ. ಬಣ್ಣ, ಗೆರೆ, ವೇಗ ಎಲ್ಲ ಸೇರಿ ಕಣ್ಣು ನೋಯಿತೆಂದು ಅರ್ಧಕ್ಕೆ ನಿದ್ದೆಹೋದರು. ಹುಡುಗಿಗೆ ಆಗ ಹನ್ನೆರಡು. ಅವಳ ಮುಖ ಗಂಟಾಗಿತ್ತು. "ಅಣ್ಣಾ, ಇವರೆಲ್ಲ ನ್ಯೂಸ್ ಓದೋರ ಥರ ಮಾತಾಡ್ತಾರೆ. ನಮ್ಮ ಮನೇಲಿ ಯಾರು ಹಿಂಗೆ ಮಾತಾಡ್ತಾರೆ?" ಎಂದಳು. ಕೇಳಿದ ಬೇರೆ ಮಕ್ಕಳೂ ಡಬ್ಬಿಂಗ್ ಬಗ್ಗೆ ಹೆಚ್ಚುಕಡಿಮೆ ಇದನ್ನೇ ಅಂದರು. ಸಂಭಾಷಣೆ ಬರೆಯುವವರು ಮಾರುಕಟ್ಟೆಯಲ್ಲಿ ಅರ್ಧ ಗಂಟೆ ನಿಂತು ಕೇಳಿಸಿಕೊಂಡರೆ ಸಾಕು. ಅಮ್ಮ ಮಗನನ್ನು ಗದರುವ ಕನ್ನಡ ಅಲ್ಲಿ ಬೇಕಾದಷ್ಟು ಸಿಗುತ್ತದೆ. ಕನ್ನಡದಲ್ಲೇ ನೋಡಬೇಕೆಂಬ ಹಟ ಹುಡುಗಿಗೆ ಅಂದಿಗೇ ಮುಗಿಯಿತು. ಏಳನೆಯ ವಯಸ್ಸಿನಲ್ಲಿ ಕನ್ನಡದ ಚಿತ್ರ ಸಿಕ್ಕಿದ್ದರೆ ಹನ್ನೆರಡಕ್ಕೆ ಅವಳ ಕಿವಿಗೆ ಅದು ಹೊಸದೆನ್ನಿಸುತ್ತಿರಲಿಲ್ಲವೇನೋ. ಆ ಐದು ವರ್ಷದ ಬೆಲೆ ಎಷ್ಟೆಂದು ನನಗೆ ಗೊತ್ತಾದದ್ದು ಅಲ್ಲಿ.

ಹೀಗಿರುವಾಗ 2025ರ ಜುಲೈ 25ರಂದು 'ಮಹಾವತಾರ್ ನರಸಿಂಹ' ಬಂತು. ಅಶ್ವಿನ್ ಕುಮಾರ್ ನಿರ್ದೇಶನ, ನಮ್ಮ ಬೆಂಗಳೂರಿನ ಹೊಂಬಾಳೆ ಸಂಸ್ಥೆಯ ಅರ್ಪಣೆ. ಕನ್ನಡದಲ್ಲೂ ಬಂದ ಕಾರ್ಟೂನ್ ಚಿತ್ರ. ದೇಶದಲ್ಲಿ ತಯಾರಾದ ಕಾರ್ಟೂನ್ ಚಿತ್ರಗಳಲ್ಲಿ ಇಷ್ಟು ಗಳಿಸಿದ್ದು ಬೇರೆ ಇಲ್ಲ. ಇದನ್ನು ಅತಿಮಾನವರ ಚಿತ್ರಗಳ ಸಾಲಿಗೆ ಸೇರಿಸಬಾರದು, ಇದು ಪುರಾಣ ಎನ್ನುವವರಿದ್ದಾರೆ. ಇರಲಿ. ಅಪ್ಪ, ಅಮ್ಮ, ಮಗ, ಅಪ್ಪನ ಕಟ್ಟಳೆಗೆ ಬಗ್ಗದ ಮಗು. ಸಂಸಾರದ ಕಥೆಯಂತೂ ಹೌದು.

ಅಲ್ಲಿ ಆದದ್ದೇ ಬೇರೆ. ಅಜ್ಜಿಯ ಪಕ್ಕ ಕೂತ ಹುಡುಗಿಗೆ ಈಗ ಹದಿನಾಲ್ಕು. ಚಿತ್ರ ಶುರುವಾದ ಹತ್ತು ನಿಮಿಷಕ್ಕೆ ಪಿಸುಮಾತು ಆರಂಭವಾಯಿತು. ಪ್ರಶ್ನೆ ಕೇಳುತ್ತಿದ್ದವಳು ಅವಳು, ಹೇಳುತ್ತಿದ್ದವರು ಅಜ್ಜಿ. ವರಾಹ ಯಾಕೆ ಬಂದ, ಹಿರಣ್ಯಾಕ್ಷನಿಗೂ ಹಿರಣ್ಯಕಶಿಪುವಿಗೂ ಏನು ಸಂಬಂಧ, ಕಯಾದು ಗಂಡನಿಗೆ ಯಾಕೆ ಎದುರಾಡಲಿಲ್ಲ. ಕೊನೆಯ ಪ್ರಶ್ನೆಗೆ ಅಜ್ಜಿಗೂ ಉತ್ತರ ಸಿಗಲಿಲ್ಲ, ಅತ್ತೆಯ ಕಡೆ ತೋರಿಸಿದರು. ಮನೆಗೆ ಬಂದ ಮೇಲೆ ಅಜ್ಜಿ ತಮ್ಮ ಆಕ್ಷೇಪ ಮಂಡಿಸಿದರು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜ್‌ಕುಮಾರರ ಹಿರಣ್ಯಕಶಿಪುವನ್ನು ನೋಡಿದವರಿಗೆ ಈ ಗರ್ಜನೆ ಸಾಲದು ಎಂದರು. ಪ್ರಹ್ಲಾದನಾಗಿದ್ದ ಪುನೀತ್ ಆಗ ಎಷ್ಟು ಚಿಕ್ಕವರಿದ್ದರೆಂದು ಕೈ ಹಿಡಿದು ಎತ್ತರ ತೋರಿಸಿದರು. ಮಾವ ಹಿನ್ನೆಲೆ ಸಂಗೀತ ಕಿವಿಗಡಚಿಕ್ಕಿತು ಎಂದರು. ಹುಡುಗಿ ಚಿತ್ರ ಬಿಡಿಸಿದ ರೀತಿ ಪಿಕ್ಸಾರ್‌ನಷ್ಟು ನಯವಾಗಿಲ್ಲ ಎಂದು ವಾದಿಸಿದಳು. ಅಂದು ರಾತ್ರಿ ಬಡಿಸಿದವರು ಮಾವ, ಏಕೆಂದರೆ ಅಜ್ಜಿಯ ಮಾತು ಮುಗಿದಿರಲಿಲ್ಲ.

ಈ ಭಾಷಣಕ್ಕೆಂದು ಮೊನ್ನೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದಾಗ ಅಜ್ಜಿ ಬಂದು ಏನು ಬರೆಯುತ್ತಿದ್ದೀಯ ಎಂದರು. ಆ ಪುನುಗುಬೆಕ್ಕಿನ ಸಿನಿಮಾದ ಬಗ್ಗೆ ಎಂದೆ. ಮೂರನೆಯದು ಬರುತ್ತಂತೆ ಎಂದೂ ಹೇಳಿದೆ. ಅವರ ಮುಖ ಅರಳಿತು. ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು:

"ಇಷ್ಟು ವರ್ಷ ಆಯ್ತಲ್ಲ, ಆ ಕೂಸು ಈಗ ಮಾತಾಡುತ್ತಾ?"

ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಮಾತಾಡಿದರೆ ಇಂಗ್ಲಿಷೇ, ಅಜ್ಜಿ."

"ಹಾಗಾದರೆ ಬೇಡ, ಇನ್ನೂ ಸ್ವಲ್ಪ ದಿನ ಸುಮ್ಮನಿರಲಿ" ಎಂದು ಅಜ್ಜಿ ಒಳಗೆ ಹೋದರು.